‘ನುಸಿ’ ಎಂದರೆ ಯಾವ ಹುಳು? ಮನೆಯ ಕೀಟಗಳ ಹೆಸರುಗಳ ಬಗ್ಗೆ ಒಂದು ಪ್ರಶ್ನೆ

ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಕೀಟಗಳನ್ನು ಗುರುತಿಸುವ ಮತ್ತು ಬಾರದಂತೆ ತಡೆಯುವ ಬಗೆಯನ್ನು ತಿಳಿಸುವ ಒಂದು ಕಿರುಹೊತ್ತಗೆಯ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ‘ನುಸಿ ಕಂಡ ಕೂಡಲೇ ಕ್ರಮ ಕೈಗೊಳ್ಳಿ’ ಎಂಬ ವಾಕ್ಯವಿದೆ. ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಓದಿದವರು ಯಾವ ಕ್ರಮ ಕೈಗೊಳ್ಳುತ್ತಾರೆ ಎಂಬುದು ಅವರು ಯಾವ ಸೀಮೆಯವರು ಎಂಬುದರ ಮೇಲೆ ನಿಂತಿದೆ. ಕರಾವಳಿಯ ಹಲವು ಮನೆಗಳಲ್ಲಿ, ಹವ್ಯಕರ ಮನೆಮಾತಿನಲ್ಲಿ, ನುಸಿ ಎಂದರೆ ಸೊಳ್ಳೆ. ಅಲ್ಲಿಯ ಓದುಗರು ನೀರಿನ ತೊಟ್ಟಿಗೆ ಮುಚ್ಚಳ ಹುಡುಕುತ್ತಾರೆ. ಬಯಲುಸೀಮೆಯಲ್ಲಿ ನುಸಿ ಹಿಡಿಯುವುದು ಅಕ್ಕಿಗೆ, ಬೇಳೆಗೆ. ಅಲ್ಲಿಯವರು ಮೊರ ಹಿಡಿದು ಬಿಸಿಲಿಗೆ ಹೋಗುತ್ತಾರೆ. 1990ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡ ನುಸಿಪೀಡೆಯಿಂದ ಕಾಯಿಗಳು ಸುಕ್ಕುಗಟ್ಟಿ ಉದುರಿದ್ದನ್ನು ಕಂಡ ತೆಂಗು ಬೆಳೆಗಾರರಿಗೆ ಈ ಪದ ಮನೆಯ ಮಾತೇ ಅಲ್ಲ, ತೋಟದ ಮಾತು.

ಆಡುಮಾತು ಪದವನ್ನು ಹೀಗೆ ಸಡಿಲವಾಗಿ ಬಳಸುವುದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಕಣ್ಣಿಗೆ ಹುಡಿಯಂತೆ ಕಾಣುವಷ್ಟು ಸಣ್ಣದಾದ ಜೀವಿ ಯಾವುದೇ ಇರಲಿ, ಅದು ನುಸಿ. ಅಂದರೆ ಈ ಪದ ಜೀವಿಯ ಜಾತಿಯನ್ನಲ್ಲ, ಗಾತ್ರವನ್ನು ಹೆಸರಿಸುತ್ತದೆ ಎಂದು ನನಗೆ ತೋರುತ್ತದೆ. ಕೃಷಿ ಬರಹಗಾರರು ಈ ತೊಡಕನ್ನು ಬೇಗನೆ ಕಂಡುಕೊಂಡಂತಿದೆ. ಮೆಣಸಿನಕಾಯಿ ಬೆಳೆಯ ಬಗ್ಗೆ ಬರೆಯುವಾಗ ಅವರು ಬರಿಯ ನುಸಿ ಎನ್ನದೆ ಥ್ರಿಪ್ಸ್ ನುಸಿ, ಮೈಟ್ ನುಸಿ ಎಂದು ಜೋಡುಪದಗಳನ್ನು ಬಳಸುತ್ತಾರೆ. ಇವುಗಳಲ್ಲಿ ಮೊದಲನೆಯದು ಆರು ಕಾಲಿನ ಕೀಟ. ಎರಡನೆಯದು ಕೀಟವೇ ಅಲ್ಲ, ಜೇಡ ಮತ್ತು ದನಗಳ ಮೈಗೆ ಅಂಟುವ ಉಣ್ಣಿಗಳ ಬಳಗಕ್ಕೆ ಸೇರಿದ ಜೀವಿ. ಮೈಟುಗಳಿಗೆ ಸಾಮಾನ್ಯವಾಗಿ ಎಂಟು ಕಾಲುಗಳಿರುತ್ತವೆ, ಆದರೆ ತೆಂಗಿನ ನುಸಿಗೆ ನಾಲ್ಕೇ ಕಾಲುಗಳು, ಮತ್ತು ಅದರ ಉದ್ದ ಮಿಲಿಮೀಟರಿನ ಕಾಲು ಭಾಗವನ್ನು ಮೀರುವುದಿಲ್ಲ. ಹಾಸಿಗೆಯ ಧೂಳಿನಲ್ಲಿದ್ದು ಉಬ್ಬಸವನ್ನು ಕೆರಳಿಸುವ ಧೂಳುನುಸಿಯೂ ಇದೇ ಬಳಗದ್ದು. ಅದಕ್ಕೆ ಬೇಕಾದದ್ದು ಕೀಟನಾಶಕವಲ್ಲ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವ ಪರಿಪಾಠ.

ಅಡುಗೆಮನೆಯ ವಿಷಯಕ್ಕೆ ಬಂದರೆ, ಡಬ್ಬದೊಳಗಿನ ನುಸಿ ಎಂಬ ಒಂದೇ ಹೆಸರಿನ ಹಿಂದೆ ಕಡಿಮೆಯೆಂದರೂ ನಾಲ್ಕು ಕೀಟಗಳು ಅಡಗಿವೆ. ಅಕ್ಕಿಯಲ್ಲಿ ಹೆಚ್ಚಾಗಿ ಕಾಣುವುದು ಮುಂದಕ್ಕೆ ಚಾಚಿದ ಮೂತಿಯುಳ್ಳ, ಎರಡೂವರೆಯಿಂದ ನಾಲ್ಕು ಮಿಲಿಮೀಟರ್ ಉದ್ದದ ಕಂದು ದುಂಬಿ. ಅದರ ಬೆನ್ನಿನ ಮೇಲೆ ಮಸುಕಾದ ನಾಲ್ಕು ಕಿತ್ತಳೆ ಮಚ್ಚೆಗಳಿರುತ್ತವೆ. ಹೆಣ್ಣು ದುಂಬಿ ಕಾಳಿನಲ್ಲಿ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ಮೆತ್ತಿ ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ಬೆಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳ ಹೊತ್ತಿಗೆ ದುಂಬಿಯಾಗಿ ಹೊರಬರುತ್ತದೆ. ಆದ್ದರಿಂದ ಅಕ್ಕಿಯನ್ನು ಜರಡಿಯಾಡಿದರೆ ಹೊರಗಿನ ಹುಳುಗಳು ಹೋಗುತ್ತವೆಯೇ ಹೊರತು ಒಳಗಿನವು ಹೋಗುವುದಿಲ್ಲ. ಹಿಟ್ಟು ಮತ್ತು ರವೆಯಲ್ಲಿ ಓಡಾಡುವ ಕೆಂಪು ಚಪ್ಪಟೆ ದುಂಬಿಗೆ ಮೂತಿಯಿಲ್ಲ, ಗಟ್ಟಿಯಾದ ಇಡೀ ಕಾಳನ್ನು ಕೊರೆಯುವ ಶಕ್ತಿಯೂ ಇಲ್ಲ. ಅದರ ಸಂಖ್ಯೆ ಹೆಚ್ಚಿದಾಗ ಹಿಟ್ಟಿಗೆ ಬೇರೆಯೇ ಒಂದು ಕೆಟ್ಟ ವಾಸನೆ ಬರುತ್ತದೆ. ರವೆ ಎಳೆಗಟ್ಟಿ ಗಂಟುಗಂಟಾಗಿದ್ದರೆ ಅದು ಪತಂಗದ ಮರಿಯ ಕೆಲಸ. ಹುರುಳಿ, ಅಲಸಂದೆ, ಹೆಸರುಕಾಳುಗಳ ಮೇಲ್ಮೈಯಲ್ಲಿ ಬಿಳಿಯ ಚುಕ್ಕೆಗಳು ಅಂಟಿಕೊಂಡಿದ್ದರೆ ಅವು ಕಾಳುದುಂಬಿಯ ಮೊಟ್ಟೆಗಳು. ದುಂಡನೆಯ ತೂತುಗಳು ಕಾಣಿಸಿಕೊಂಡವೆಂದರೆ ದುಂಬಿಗಳು ಆಗಲೇ ಹೊರಬಂದಿವೆ ಎಂದರ್ಥ.

ಇಲ್ಲಿ ‘ಹುಳು ಬೀಳು’ ಎಂಬ ನಮ್ಮ ಕ್ರಿಯಾಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಗೆದ್ದಲು ಹಿಡಿಯುತ್ತದೆ, ತಿಗಣೆ ಸೇರಿಕೊಳ್ಳುತ್ತದೆ, ಕಾಳಿಗೆ ಮಾತ್ರ ಹುಳು ಬೀಳುತ್ತದೆ. ಹೊರಗಿನಿಂದ ಬಂದು ಬಿದ್ದಿತು ಎಂಬ ಭಾವನೆಯನ್ನು ಇದು ಕೊಡುವುದರಿಂದಲೋ ಏನೋ, ಮುಚ್ಚಳ ಬಿಗಿಯಾಗಿದ್ದ ಡಬ್ಬದಲ್ಲೂ ಹುಳು ಕಂಡಾಗ ಜನರು ಬೆರಗಾಗುತ್ತಾರೆ. ವಾಸ್ತವದಲ್ಲಿ ಕಾಳುದುಂಬಿಯ ಮೊಟ್ಟೆ ಎಷ್ಟೋ ವೇಳೆ ಹೊಲದಲ್ಲಿಯೇ ಕಾಯಿಯ ಮೇಲೆ ಬಿದ್ದು, ಕೊಯ್ಲಿನೊಂದಿಗೆ ಅಂಗಡಿಗೂ ಅಂಗಡಿಯಿಂದ ಮನೆಗೂ ಬರುತ್ತದೆ. ಹಾಗಾಗಿ ತಡೆಯುವ ಕೆಲಸ ಶುರುವಾಗಬೇಕಾದದ್ದು ಡಬ್ಬಕ್ಕೆ ತುಂಬುವುದಕ್ಕೆ ಮುಂಚೆ: ಕಾಳನ್ನು ತೆಳ್ಳಗೆ ಹರಡಿ ಚುರುಕು ಬಿಸಿಲಿನಲ್ಲಿ ಕಾಯಿಸುವುದು, ಸ್ವಲ್ಪವೇ ಇದ್ದರೆ ಕೆಲವು ದಿನ ಫ್ರೀಜರಿನಲ್ಲಿಡುವುದು, ಇಡಿಯ ಕಾಳಿಗೆ ಅಡುಗೆ ಎಣ್ಣೆಯನ್ನು ತೆಳುವಾಗಿ ಸವರುವುದು. ಒಡೆದ ಬೇಳೆಗೆ ಇದರ ಕಾಟ ಕಡಿಮೆ, ಏಕೆಂದರೆ ಕಾಳುದುಂಬಿಯ ಮರಿ ಬೆಳೆಯಲು ಇಡಿಯ ಕಾಳೇ ಅನುಕೂಲ. ರಾಗಿಯಂತೂ ಕಾಳು ಸಣ್ಣದಾದ್ದರಿಂದ ಇಂಥ ಕೀಟಗಳಿಗೆ ಸುಲಭವಾಗಿ ತುತ್ತಾಗುವುದಿಲ್ಲ. ಹಳೆಯ ಮೈಸೂರು ಸೀಮೆಯವರು ಅದನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದುದಕ್ಕೆ ನೆಲದೊಳಗೆ ಗಾಳಿಯಾಡದಿರುವುದರ ಜೊತೆಗೆ ಇದೂ ಒಂದು ಕಾರಣ. (ಗಾಳಿಯಾಡದ ಕಾರಣಕ್ಕೇ, ಬಾಯಿ ತೆರೆದ ಕೂಡಲೇ ಹಗೇವಿಗೆ ಇಳಿದವರು ಉಸಿರುಕಟ್ಟಿ ಸಾಯುವ ಅಪಾಯವೂ ಇತ್ತು.)

ನಾನು ಈ ಪತ್ರವನ್ನು ಬರೆಯಲು ಮುಖ್ಯ ಕಾರಣ ‘ನುಸಿಗುಳಿಗೆ’ ಎಂಬ ಪದ. ಬಟ್ಟೆಯ ಕಪಾಟಿನಲ್ಲಿಡುವ ನ್ಯಾಫ್ತಲೀನ್ ಉಂಡೆಗೆ ಕನ್ನಡದಲ್ಲಿ ನೆಲೆಯೂರಿರುವ ಹೆಸರು ಇದು, ಕಿವಿಗೆ ಹಿತವಾದ ಹೆಸರೂ ಹೌದು. ಅಲ್ಲಿಯ ನುಸಿ ಎಂದರೆ ಉಣ್ಣೆ ಮತ್ತು ರೇಷ್ಮೆಯನ್ನು ತಿನ್ನುವ ಪತಂಗದ ಮರಿ, ಅಂಟು ಮತ್ತು ಗಂಜಿಯನ್ನು ಹುಡುಕಿ ಬರುವ ಬೆಳ್ಳಿಹುಳು ಮೊದಲಾದವು. ಆದರೆ ಅಕ್ಕಿಗೂ ನುಸಿ, ಕಪಾಟಿಗೂ ನುಸಿ ಎಂದಾಗ, ಕಪಾಟಿನ ಗುಳಿಗೆಯನ್ನು ಅಕ್ಕಿಯ ಡಬ್ಬಕ್ಕೆ ಹಾಕಿದರೇನು ಎಂಬ ತರ್ಕ ಯಾರಿಗಾದರೂ ಸಹಜವಾಗಿ ಹೊಳೆಯಬಹುದು. ನ್ಯಾಫ್ತಲೀನ್ ವಿಷ, ಅದನ್ನು ನುಂಗಿದರೆ ರಕ್ತದ ಕೆಂಪುಕಣಗಳು ಒಡೆಯಬಹುದು, ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ಕಿಣ್ವದ ಕೊರತೆಯಿದ್ದರೆ ಅಪಾಯ ಇನ್ನೂ ಹೆಚ್ಚು. ಕರಡಿನಲ್ಲಿ ಇನ್ನೊಂದು ಕಡೆ ‘ಧಾನ್ಯದ ನುಸಿಗೆ ಮಾತ್ರೆ ಇಡುವ ವಾಡಿಕೆಯಿದೆ’ ಎಂದೂ ಬರೆಯಲಾಗಿದೆ. ಈ ಮಾತ್ರೆಯೋ ಉಗ್ರಾಣಗಳಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ, ಜನ ಮಲಗುವ ಮನೆಯಲ್ಲಿ ಅದಕ್ಕೆ ಎಡೆಯೇ ಇರಕೂಡದು. ಒಂದೇ ಪುಟದಲ್ಲಿ ನುಸಿ, ಗುಳಿಗೆ, ಮಾತ್ರೆ ಎಂಬ ಮೂರು ಪದಗಳು ವಿವರಣೆಯಿಲ್ಲದೆ ಬಂದರೆ ಓದುಗರು ಅವನ್ನು ಹೇಗೆ ಜೋಡಿಸಿಕೊಂಡಾರು ಎಂಬುದೇ ನನ್ನ ಆತಂಕ. ಇಂಥ ಕಡೆಗಳಲ್ಲಿ ಪದದ ಸೊಗಸನ್ನು ಬಿಟ್ಟುಕೊಟ್ಟು, ‘ಬಟ್ಟೆಗಿಡುವ ನ್ಯಾಫ್ತಲೀನ್ ಗುಳಿಗೆ’ ಎಂದೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

‘ಕುಟ್ಟೆ’ ಎಂಬ ಪದದಲ್ಲಿಯೂ ಇಂಥದ್ದೇ ಇಕ್ಕಟ್ಟಿದೆ. ಅದು ಕೊರೆಯುವ ಹುಳುವೂ ಹೌದು, ಹುಳು ಕೊರೆದು ಉದುರಿಸಿದ ಹುಡಿಯೂ ಹೌದು. ಕಾಳಿಗೂ ಹಿಡಿಯುತ್ತದೆ, ಬಾಗಿಲುವಾಡಕ್ಕೂ ಹಿಡಿಯುತ್ತದೆ. ಕರಡನ್ನು ಬರೆದವರು ‘ಮರಕ್ಕೆ ಕುಟ್ಟೆ ಅಥವಾ ಗೆದ್ದಲು ಹಿಡಿದರೆ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಮರದಲ್ಲಿ ಸಣ್ಣ ತೂತುಗಳಿದ್ದು, ಕೆಳಗೆ ನಯವಾದ ಹುಡಿ ಬಿದ್ದಿದ್ದರೆ ಅದು ಮರ ಕೊರೆಯುವ ದುಂಬಿಯ ಗುರುತು, ಚಿಕಿತ್ಸೆ ಆ ಮರಕ್ಕೆ ಮಾತ್ರ ಸಾಕಾಗಬಹುದು. ಗೋಡೆಯ ಮೇಲೆ ಮಣ್ಣಿನ ಸುರಂಗಗಳು ಕಂಡರೆ ಅದು ನೆಲದಿಂದ ಬಂದ ಗೆದ್ದಲು. ಅಲ್ಲಿ ಮರಕ್ಕೆ ಎಣ್ಣೆ ಬಳಿದು ಸುಮ್ಮನಾದರೆ ಪ್ರಯೋಜನವಿಲ್ಲ, ತಳಪಾಯದ ಮಣ್ಣು, ತೇವ, ಗೋಡೆಯ ಬಿರುಕು ಇವುಗಳ ಕಡೆಗೇ ಗಮನ ಹೋಗಬೇಕು. ಅಂದ ಹಾಗೆ, ಕರಡಿನಲ್ಲಿದ್ದ ‘ಬಿಳಿ ಇರುವೆ’ ಎಂಬ ಪದವನ್ನು ನಾನು ಹೊಡೆದುಹಾಕಿದ್ದೇನೆ. ಗೆದ್ದಲು ಇರುವೆಯ ನಂಟಲ್ಲ, ಜಿರಲೆಯ ನಂಟು ಎಂದು ಕೀಟಶಾಸ್ತ್ರಜ್ಞರು ಈಗ ಒಪ್ಪುತ್ತಾರೆ. ಗೆದ್ದಲು, ಒರಲೆ ಎಂಬ ಅಚ್ಚ ಹೆಸರುಗಳಿರುವಾಗ ಇಂಗ್ಲಿಷಿನಿಂದ ತಪ್ಪು ತಿಳಿವಳಿಕೆಯನ್ನು ಎರವಲು ತರುವ ಅಗತ್ಯವೂ ಇಲ್ಲ.

ತಿಗಣೆಯ ವಿಷಯದಲ್ಲಿ ಗೊಂದಲವಿಲ್ಲ. ಉತ್ತರ ಕರ್ನಾಟಕದ ತಗಣಿಯನ್ನು ಆವರಣದಲ್ಲಿ ಕೊಟ್ಟರೆ ಸಾಕು. ಜಿರಲೆಯೋ ಜಿರಳೆಯೋ ಎಂಬ ಚರ್ಚೆಯನ್ನು ದಯವಿಟ್ಟು ಈ ಎಳೆಯಲ್ಲಿ ಎತ್ತಬಾರದೆಂದು ಕೋರುತ್ತೇನೆ.

ನಾನು ಸದ್ಯಕ್ಕೆ ಮಾಡಿರುವ ಏರ್ಪಾಡು ಹೀಗಿದೆ. ನುಸಿ ಎಂಬ ಪದವನ್ನು ಒಂಟಿಯಾಗಿ ಎಲ್ಲಿಯೂ ಬಳಸದೆ, ಸೊಳ್ಳೆಯನ್ನು ಸೊಳ್ಳೆ ಎಂದೇ ಬರೆದು, ಮೊದಲ ಸಲ ಮಾತ್ರ ‘ಕರಾವಳಿಯಲ್ಲಿ ನುಸಿ’ ಎಂದು ಸೇರಿಸಿದ್ದೇನೆ. ಅಕ್ಕಿಯ ದುಂಬಿಗೆ ‘ಅಕ್ಕಿಯ ಮೂತಿಹುಳು’ ಎಂಬ ಹೆಸರನ್ನು ಆರಿಸಿಕೊಂಡಿದ್ದೇನೆ. ತೆಂಗನ್ನು ಕೊರೆಯುವ ಕೆಂಪು ಮೂತಿಹುಳುವಿನ ಹೆಸರು ರೈತರಿಗೆ ಪರಿಚಿತವಾಗಿರುವುದರಿಂದ ಇದು ಹೊಸದೆನಿಸಲಾರದು. ಹಿಟ್ಟಿನ ಕೆಂಪು ದುಂಬಿಗೆ ‘ಹಿಟ್ಟುದುಂಬಿ’ ಎಂದು ಬರೆದಿದ್ದೇನಾದರೂ ಅದು ಪುಸ್ತಕದ ಮಾತಿನಂತೆ ಕೇಳಿಸುತ್ತದೆ, ನನಗೆ ತೃಪ್ತಿಯಿಲ್ಲ.

ಸದಸ್ಯರಲ್ಲಿ ನನ್ನ ಪ್ರಶ್ನೆಗಳು ಇವು. ನಿಮ್ಮ ಮನೆಗಳಲ್ಲಿ ಅಕ್ಕಿಯ ಹುಳುವಿಗೂ ಹಿಟ್ಟಿನ ಹುಳುವಿಗೂ ಬೇರೆಬೇರೆ ಹೆಸರುಗಳಿವೆಯೇ, ಅಥವಾ ಎರಡಕ್ಕೂ ಒಂದೇ ಪದವೇ? ಕರಾವಳಿಯವರು ಸೊಳ್ಳೆಗೆ ನುಸಿ ಎನ್ನುವುದಾದರೆ, ಅಕ್ಕಿಯ ಹುಳುವನ್ನು ಏನೆಂದು ಕರೆಯುತ್ತಾರೆ? ಬಾಳೆಹಣ್ಣಿನ ಸುತ್ತ ಹಾರಾಡುವುದಕ್ಕೆ ನೊರಜು ಎಂಬ ಪದ ಈಗಲೂ ಬಾಯಿಮಾತಿನಲ್ಲಿದೆಯೇ? ಧಾರವಾಡದ ಕಡೆಯ ಗುಂಗಾಡು ಎಲ್ಲ ಸೊಳ್ಳೆಗಳಿಗೂ ಸಲ್ಲುತ್ತದೆಯೇ ಅಥವಾ ಒಂದು ಬಗೆಗೆ ಮಾತ್ರವೇ? ಉತ್ತರಿಸುವವರು ತಮ್ಮ ತಾಲ್ಲೂಕಿನ ಹೆಸರನ್ನೂ, ಆ ಪದವನ್ನು ಮನೆಯ ಹಿರಿಯರು ಮಾತ್ರ ಆಡುತ್ತಾರೆಯೋ ಮಕ್ಕಳೂ ಆಡುತ್ತಾರೆಯೋ ಎಂಬುದನ್ನೂ ತಿಳಿಸಿದರೆ, ಅಚ್ಚಿಗೆ ಹೋಗುವ ಮೊದಲು ಆವರಣದಲ್ಲಿ ಯಾವ ಪದಗಳನ್ನು ಸೇರಿಸಬೇಕೆಂದು ತೀರ್ಮಾನಿಸಲು ಅನುಕೂಲವಾಗುತ್ತದೆ.