ಸೆಂಟೋಸಾ ಒಂದೇ ದಿನ: ವಿಂಡ್ ಟನೆಲ್‌ನಲ್ಲಿ ಹಾರೋದು, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ. ಹೇಗೆ ಹೊಂದಿಸೋದು?

ಪಿಬಿ_ರಸ್ತೆ_ದಾವಣಗೆರೆ:
ನಮಸ್ಕಾರ. ಮುಂದಿನ ತಿಂಗಳು ಸಿಂಗಪುರಕ್ಕೆ ಹೊರಟಿದ್ದೇವೆ. ನಾನು, ಮನೆಯವರು, ಎಂಟು ವರ್ಷದ ಮಗ, ಅಪ್ಪಾಜಿ (67, ಮಂಡಿ ನೋವು), ಅಮ್ಮ. ಸೆಂಟೋಸಾ ದ್ವೀಪಕ್ಕೆ ಸಿಗೋದು ಒಂದೇ ದಿನ. ಮಗನಿಗೆ ಅಲ್ಲಿನ ಐಫ್ಲೈ ವಿಂಡ್ ಟನೆಲ್‌ನಲ್ಲಿ, ಅಂದರೆ ಕೆಳಗಿನಿಂದ ಊದುವ ಗಾಳಿಯಲ್ಲಿ, ಹಾರಲೇಬೇಕಂತೆ. ನನ್ನ ತೂಕ 98 ಕೆ.ಜಿ., ಎಡಭುಜ ಹಿಂದೊಮ್ಮೆ ಜಾರಿತ್ತು, ಈಗ ನೋವಿಲ್ಲ. ನಾನೂ ಹಾರಬಹುದಾ? ಯಾವುದು ಮೊದಲು, ಯಾವುದು ಆಮೇಲೆ? ಅಪ್ಪಾಜಿಗೆ ನಡಿಗೆ ಕಡಿಮೆ ಇರಬೇಕು. ಎಲ್ಲರೂ ಸಸ್ಯಾಹಾರಿಗಳು.

ಚಳ್ಳಕೆರೆ_ಶೇಂಗಾ:
ಸರ್, ಮೊದಲು ಭುಜದ ವಿಷಯ. ನೀವು ಹಾರಬೇಡಿ. 98 ಕೆ.ಜಿ. ತೂಕಕ್ಕೆ ತಡೆಯಿಲ್ಲ, ಆದರೆ ಒಮ್ಮೆ ಜಾರಿದ ಭುಜದವರನ್ನು ಬಿಡುವುದಿಲ್ಲ. ಮುಚ್ಚಳಿಕೆ ಪತ್ರದಲ್ಲೇ ಆ ಪ್ರಶ್ನೆ ಇರುತ್ತದೆ. ನೋವಿಲ್ಲ ಅಂತ ಮುಚ್ಚಿಟ್ಟು ಸಹಿ ಹಾಕುವುದು ದೊಡ್ಡ ತಪ್ಪು. ಹಾರುವಾಗ ತೋಳು ಎರಡೂ ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ, ಅಂಗೈ ತಲೆಯ ಮಟ್ಟಕ್ಕೆ ಇರಬೇಕು. ಭುಜದ ಕೀಲು ಸುಲಭವಾಗಿ ಜಾರುವುದು ಇದೇ ಭಂಗಿಯಲ್ಲಿ. ಕೆಳಗಿನಿಂದ ಗಾಳಿ ತೋಳನ್ನು ಮೇಲಕ್ಕೆ, ಹಿಂದಕ್ಕೆ ದೂಡುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಕೈ ಗೋಡೆಗೋ ಬಾಗಿಲ ಅಂಚಿಗೋ ತಗುಲಿದರೆ ಮುಗಿಯಿತು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಕುತ್ತಿಗೆ-ಬೆನ್ನಿಗೆ ಪೆಟ್ಟಾದವರೂ ಹಾರಬಾರದು.

ನಿಮ್ಮ ಮಗ ಹಾರಬಹುದು, ಅಲ್ಲಿ ಏಳು ವರ್ಷ ತುಂಬಿದ್ದರೆ ಸಾಕು. ಅವನ ಮುಚ್ಚಳಿಕೆಗೆ ನೀವು ಸಹಿ ಹಾಕಬೇಕು.

ಟನೆಲ್ ಹೇಗೆ ಎತ್ತುತ್ತದೆ ಅಂತ ಮಗನಿಗೆ ಕಣದಲ್ಲಿ ಶೇಂಗಾ ತೂರುವುದನ್ನು ನೆನಪಿಸಿ ಹೇಳಿ. ಮೊರ ಎತ್ತಿ ತೂರಿದರೆ ಕಾಯಿ ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ತೂಕಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿದ ಮೈ ಎಷ್ಟು ಅಗಲ ಅನ್ನುವುದೇ ಲೆಕ್ಕ. ಆಕಾಶದಿಂದ ಬೋರಲಾಗಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 190–200 ಕಿ.ಮೀ. ತಲುಪಿ ಅಲ್ಲೇ ನಿಲ್ಲುತ್ತದೆ. ಅದೇ ವೇಗದ ಗಾಳಿಯನ್ನು ಕೆಳಗಿನಿಂದ ಊದಿದರೆ ಮನುಷ್ಯ ಬೀಳದೆ ಇದ್ದಲ್ಲೇ ತೇಲುತ್ತಾನೆ. ಎಂಟು ವರ್ಷದ ಹುಡುಗನಿಗೆ ಅಷ್ಟು ಬೇಡ. ಗಾಜಿನಾಚೆ ಕೂತ ಆಪರೇಟರ್ ಒಬ್ಬೊಬ್ಬರಿಗೂ ಗಾಳಿ ಏರಿಸಿ ಇಳಿಸುತ್ತಾರೆ. ಸೆಂಟೋಸಾದ ಟನೆಲ್ 16.5 ಅಡಿ ಅಗಲ, 56.5 ಅಡಿ ಎತ್ತರ. ಕಾಲ ಕೆಳಗೆ ಉಕ್ಕಿನ ತಂತಿಯ ಬಲೆ, ಬಿದ್ದರೂ ಅದರ ಮೇಲೆಯೇ.

ಒಂದು ಸರದಿ ಮುಕ್ಕಾಲು ನಿಮಿಷದಷ್ಟು ಮಾತ್ರ. ಮೊದಲ ಸರದಿ ಮೈ ಬಿಗಿದುಕೊಳ್ಳುವುದರಲ್ಲೇ ಹೋಗುತ್ತದೆ, ಹಾರಿದಂತೆ ಅನಿಸುವುದು ಎರಡನೆಯದರಲ್ಲಿ. ಹಾಗಾಗಿ ಎರಡು ಸರದಿಯ ಟಿಕೆಟ್‌ಗಿಂತ ಕಡಿಮೆ ತಗೋಬೇಡಿ. ಬಾಗಿಲಲ್ಲಿ ನಿಂತು ಒಳಕ್ಕೆ ಜಿಗಿಯಬಾರದು, ಗದ್ದ ಎತ್ತಿ ಮುಂದಕ್ಕೆ ಒರಗಿದರೆ ಸಾಕು, ಗಾಳಿ ಹಿಡಿದುಕೊಳ್ಳುತ್ತದೆ. ಎಲ್ಲರೂ ಮಾಡುವ ತಪ್ಪು ಕೆಳಗೆ ನೋಡುವುದು. ಗದ್ದ ಇಳಿದರೆ ಬೆನ್ನು ಗೂನಾಗುತ್ತದೆ, ಮೈ ಅಲುಗಾಡಿ ಹಿಡಿತ ತಪ್ಪುತ್ತದೆ. ಸೊಂಟವನ್ನು ಕೆಳಕ್ಕೆ ಒತ್ತಿ ಮೈ ಬಿಲ್ಲಿನಂತೆ ಬಾಗಿದರೆ ಸ್ಥಿರ. ಕಾಲು ನೀಡಿದರೆ ಮುಂದಕ್ಕೆ ಹೋಗುತ್ತೀರಿ, ಮಂಡಿ ಮಡಚಿದರೆ ಹಿಂದಕ್ಕೆ.

ಒಳಗೆ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ. ಎರಡು ಬೆರಳು ನೇರ ತೋರಿಸಿದರೆ ಕಾಲು ನೀಡು, ಅದೇ ಬೆರಳು ಬಾಗಿಸಿದರೆ ಕಾಲು ಮಡಚು. ಗದ್ದ ಮುಟ್ಟಿ ತೋರಿಸಿದರೆ ಗದ್ದ ಎತ್ತು. ಹೆಬ್ಬೆರಳು-ಕಿರುಬೆರಳು ಚಾಚಿ ಕೈ ಅಲ್ಲಾಡಿಸಿದರೆ ಮೈ ಸಡಿಲ ಬಿಡು. ಈ ನಾಲ್ಕನ್ನು ಮನೆಯಲ್ಲೇ ಆಟದಂತೆ ಕಲಿಸಿ. ಚಾಪೆ ಮೇಲೆ ಬೋರಲು ಮಲಗಿಸಿ, ಶಲಭಾಸನದ ಹಾಗೆ ಎದೆ ಮತ್ತು ತೊಡೆ ಎತ್ತಿ, ಮಂಡಿ ಸ್ವಲ್ಪ ಮಡಚಿ, 45 ಸೆಕೆಂಡ್ ನಿಲ್ಲಿಸಿ ನೋಡಿ. ಅದೇ ಹಾರುವ ಭಂಗಿ. ಉಸಿರು ಸಿಗುತ್ತಿಲ್ಲ ಅಂತ ಮಕ್ಕಳು ಹೆದರುವುದು ಗಾಳಿ ಮುಖಕ್ಕೆ ರಾಚಿದಾಗ ಉಸಿರು ಬಿಗಿಹಿಡಿಯುವುದರಿಂದ. ಮೂಗಿನಲ್ಲಿ ನಿಧಾನ ಉಸಿರಾಡಲು ಹೇಳಿ, ಬಾಯಿ ತೆರೆದರೆ ಜೊಲ್ಲು ಕೆನ್ನೆಗೆ ಹರಿಯುತ್ತದೆ.

ಮನೆಯವರಿಗೆ: ಪ್ಯಾಂಟ್, ಲೇಸ್ ಇರುವ ಶೂ, ಕೂದಲು ಬಿಗಿಯಾಗಿ ಕಟ್ಟಿರಬೇಕು. ತಾಳಿ, ಓಲೆ, ಬಳೆ, ಉಂಗುರ ಬಿಚ್ಚಲೇಬೇಕು, ಲಾಕರ್ ಇರುತ್ತದೆ. ತಾಳಿ ಬಿಚ್ಚಲು ಮನಸ್ಸಿಲ್ಲದಿದ್ದರೆ ಅದನ್ನು ಮೊದಲೇ ಮನೆಯಲ್ಲಿ ಮಾತಾಡಿ ತೀರ್ಮಾನಿಸಿ, ಅಲ್ಲಿ ಬಾಗಿಲ ಬಳಿ ನಿಂತು ಬೇಡ.

ಜೋಗಿಮಟ್ಟಿ_ಗಾಳಿ:
ದಿನದ ಲೆಕ್ಕ ನಾನು ಹೇಳ್ತೀನಿ ಸರ್. ಐಫ್ಲೈ ಸಮಯವನ್ನೇ ಗೂಟ ಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಕಟ್ಟಿ. ಒಂದು ಗಂಟೆ ಮೊದಲೇ ಅಲ್ಲಿರಬೇಕು: ನೋಂದಣಿ, ಪಾಠ, ಉಡುಪು, ಕಿವಿಗೆ ಬಿರಡೆ, ಕನ್ನಡಕ, ಹೆಲ್ಮೆಟ್. ತಡವಾದರೆ ಸರದಿ ಹೋದಂತೆಯೇ. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿದರೆ ನಾಲ್ಕೂವರೆ ಗಂಟೆ ಪ್ರಯಾಣ, ಗಡಿಯಾರ ಎರಡೂವರೆ ಗಂಟೆ ಮುಂದೆ. ನಿದ್ದೆಗೆಟ್ಟ ಆ ದಿನ ಮಾತ್ರ ಹಾರಾಟ ಇಟ್ಟುಕೊಳ್ಳಬೇಡಿ.

ಲಿಟಲ್ ಇಂಡಿಯಾದಲ್ಲಿ ರೂಮ್ ಮಾಡಿದರೆ ನೇರಳೆ ಬಣ್ಣದ ಮೆಟ್ರೊ ಲೈನಿನಲ್ಲಿ ಹಾರ್ಬರ್‌ಫ್ರಂಟ್ ಐದನೇ ನಿಲ್ದಾಣ, ಎಲ್ಲೂ ಬದಲಾಯಿಸುವಂತಿಲ್ಲ. ಮೇಲೆಯೇ ವಿವೋಸಿಟಿ ಮಾಲ್, ಅದರ ಮೂರನೇ ಮಹಡಿಯಿಂದ ಮೊನೊರೈಲು. ಒಳಗೆ ಹೋಗಲು ತಲೆಗೆ 4 ಸಿಂಗಪುರ ಡಾಲರ್, ವಾಪಸ್ ಬರುವುದು ಉಚಿತ, ದ್ವೀಪದೊಳಗಿನ ಬಸ್ಸೂ ಉಚಿತ.

ಬೆಳಿಗ್ಗೆ ಬಿಸಿಲೇರುವ ಮೊದಲು ಫೋರ್ಟ್ ಸಿಲೋಸೊ. ಹನ್ನೊಂದು ಮಹಡಿ ಎತ್ತರ ಲಿಫ್ಟ್‌ನಲ್ಲಿ ಹತ್ತಿ, 181 ಮೀಟರ್ ಉದ್ದದ ಸೇತುವೆ ಮೇಲೆ ಮರಗಳ ತುದಿ ಮಟ್ಟದಲ್ಲಿ ನಡೆದರೆ ಕೋಟೆ. ಟಿಕೆಟ್ ಇಲ್ಲ. ದುರ್ಗದ ಕೋಟೆ ಹತ್ತಲಾಗದ ಮಂಡಿಯೂ ಇದನ್ನು ಹತ್ತುತ್ತದೆ. ಸಮುದ್ರದ ದಾರಿ ಕಾಯಲು ಬ್ರಿಟಿಷರು ಇಲ್ಲಿ ಫಿರಂಗಿ ಇಟ್ಟಿದ್ದರು, 1942ರಲ್ಲಿ ಜಪಾನಿ ಸೈನ್ಯ ಬಂದದ್ದು ಉತ್ತರದ ನೆಲದ ಕಡೆಯಿಂದ. ಓಬವ್ವನ ಕಿಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ದ್ವೀಪದ ಈಗಿನ ಹೆಸರು 1970ರ ದಶಕದ್ದು. ಮಲಯ್ ಭಾಷೆಯಲ್ಲಿ ನೆಮ್ಮದಿ ಅಂತ ಅರ್ಥ, ಮೂಲ ನಮ್ಮ ‘ಸಂತೋಷ’ವೇ.

11:30ಕ್ಕೆ ಮೊನೊರೈಲಿನ ಬೀಚ್ ಸ್ಟೇಷನ್ ಪಕ್ಕದ ಐಫ್ಲೈ, 12:30ರ ಸರದಿ. ಅಪ್ಪಾಜಿ, ಅಮ್ಮ ಗಾಜಿನಾಚೆ ಕೂತು ಮೊಮ್ಮಗನನ್ನು ನೋಡಬಹುದು. ಮಧ್ಯಾಹ್ನ ಅಲ್ಲಿ ಗುಡುಗು-ಮಳೆ ಸಾಮಾನ್ಯ, ಮಿಂಚಿದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಅದಕ್ಕೇ ಆ ಹೊತ್ತಿಗೆ ಸೂರಿನಡಿ ಇರುವುದನ್ನು ಇಡಿ, ರೆಸಾರ್ಟ್ಸ್ ವರ್ಲ್ಡ್ ಸ್ಟೇಷನ್ ಹತ್ತಿರದ ಓಷನೇರಿಯಂ. ಹಳೆಯ ವಿಡಿಯೊಗಳಲ್ಲಿ ಇದು ಎಸ್.ಇ.ಎ. ಅಕ್ವೇರಿಯಂ ಅಂತ ಇರುತ್ತದೆ, 2025ರಲ್ಲಿ ಹಿಗ್ಗಿಸಿ ಹೆಸರು ಬದಲಿಸಿದರು. ಸೂರ್ಯ ಮುಳುಗುವುದು ವರ್ಷವಿಡೀ 7 ಗಂಟೆ ಆಸುಪಾಸು. ಕತ್ತಲಾದ ಮೇಲೆ ಸೆನ್ಸರಿಸ್ಕೇಪ್ ಉದ್ಯಾನದ ದೀಪ ನೋಡುತ್ತ ಬೀಚ್ ಕಡೆಗೇ ಇಳಿಯಿರಿ, 350 ಮೀಟರ್ ಅಷ್ಟೆ. ಅಲ್ಲೇ ಮೊನೊರೈಲು ಹತ್ತಿ ವಾಪಸ್.

ಪಲವಾನ್ ಬೀಚಿನ ತೂಗುಸೇತುವೆ ಬಿಡಿ. ಓಲಾಡುತ್ತದೆ, ಮಂಡಿಗೆ ಒಳ್ಳೆಯದಲ್ಲ. ಅದರಾಚೆಯ ‘ಏಷ್ಯಾ ಖಂಡದ ದಕ್ಷಿಣ ತುದಿ’ ಫಲಕವೂ ಮಾತಿಗಷ್ಟೇ, ದ್ವೀಪದ ಪಕ್ಕದ ಪುಟ್ಟ ದಿಬ್ಬ ಖಂಡದ ತುದಿ ಹೇಗಾದೀತು.

ಪಿಬಿ_ರಸ್ತೆ_ದಾವಣಗೆರೆ:
ತುಂಬಾ ಉಪಕಾರ ಆಯ್ತು. ಹಾಗಾದರೆ ಮನೆಯವರು, ಮಗ ಹಾರಲಿ, ನಾನು ಗಾಜಿನಾಚೆ. ಸೆಂಟೋಸಾದ ದೊಡ್ಡ ಮೆರ್ಲಯನ್ (ಸಿಂಹದ ತಲೆ, ಮೀನಿನ ಮೈಯ ವಿಗ್ರಹ) ಒಳಗೆ ಹತ್ತಬಹುದು ಅಂತ ನಮ್ಮ ಭಾವ ಹೇಳ್ತಿದ್ರು? ಅಮ್ಮ ದಾರಿಗೆ ಅಂಟಿನುಂಡೆ, ಕರ್ಜಿಕಾಯಿ ಮಾಡ್ತೀನಿ ಅಂತಿದ್ದಾರೆ, ತಗೊಂಡು ಹೋಗಬಹುದಾ?

ಹಳೇಪೇಟೆ_ಅಕ್ಕ:
ಆ ಮೆರ್ಲಯನ್ 2019ರ ಅಕ್ಟೋಬರ್‌ನಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಅದೇ ಜಾಗದಲ್ಲಿ 2024ರಲ್ಲಿ ಬಂದದ್ದು ಮೇಲೆ ಹೇಳಿದ ಸೆನ್ಸರಿಸ್ಕೇಪ್. ಮೆರ್ಲಯನ್ ನೋಡಲೇಬೇಕಿದ್ದರೆ ಇನ್ನೊಂದು ದಿನ ಮರೀನಾ ಬೇ ಕಡೆ ಹೋಗಿ, ನೀರು ಉಗುಳುವ ಮೂಲ ವಿಗ್ರಹ ಇರುವುದು ಅಲ್ಲೇ.

ತಿಂಡಿ ವಿಷಯದಲ್ಲಿ ಅಮ್ಮನಿಗೆ ಈಗಲೇ ಹೇಳಿಬಿಡಿ ತಮ್ಮಾ: ಗಸಗಸೆ ಬೇಡವೇ ಬೇಡ. ಸಿಂಗಪುರದಲ್ಲಿ ಗಸಗಸೆ ನಿಷೇಧಿತ ವಸ್ತು, ಅಫೀಮಿನ ಗಿಡದ ಬೀಜ ಅನ್ನುವ ಕಾರಣಕ್ಕೆ. ಕೊಬ್ಬರಿ, ಉತ್ತುತ್ತೆ, ಅಂಟು, ಬೆಲ್ಲ ಹಾಕಿ ಕಟ್ಟಲಿ, ಹೂರಣಕ್ಕೆ ಎಳ್ಳು ಹುರಿದು ಸೇರಿಸಲಿ. ಒಂದು ಚಿಟಿಕೆ ತಾನೇ ಅಂತ ಉದುರಿಸಿದರೂ ಅದು ಬೀಜವಾಗಿ ಕಣ್ಣಿಗೆ ಕಾಣುತ್ತದೆ. ಚೂಯಿಂಗ್ ಗಮ್, ಗುಟ್ಕಾ, ಅಗಿಯುವ ತಂಬಾಕೂ ಹಾಗೆಯೇ. ನಿಮ್ಮ ಬ್ಯಾಗಿನ ಪಕ್ಕದ ಜೇಬನ್ನೂ ತಡವಿ ನೋಡಿ, ಹಳೆಯ ಸ್ಯಾಶೆ ಉಳಿದಿರುತ್ತದೆ.

ಊಟಕ್ಕೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ, ಎಂ.ಟಿ.ಆರ್. ಕೂಡ ಅದೇ ರಸ್ತೆ. ಬೆಳಿಗ್ಗೆ ಅಲ್ಲಿ ತಿಂದು ಮಧ್ಯಾಹ್ನಕ್ಕೆ ಪಾರ್ಸಲ್ ಕಟ್ಟಿಸಿಕೊಳ್ಳಿ, ದ್ವೀಪದಲ್ಲಿ ಶುದ್ಧ ಸಸ್ಯಾಹಾರ ಹುಡುಕುತ್ತ ಅಪ್ಪಾಜಿಯನ್ನು ನಡೆಸಬೇಡಿ. ಹಾರುವವರು ಹಾರಿದ ಮೇಲೆಯೇ ಉಣ್ಣಲಿ. ಪೊಟ್ಟಣವನ್ನು ಮೆಟ್ರೊದಲ್ಲಿ ಬಿಚ್ಚಬೇಡಿ, ಅಲ್ಲಿ ತಿಂದರೂ ಕುಡಿದರೂ 500 ಡಾಲರ್‌ವರೆಗೆ ದಂಡ, ನೀರೂ ಸೇರಿ. ನಲ್ಲಿ ನೀರು ಕುಡಿಯಬಹುದು, ಖಾಲಿ ಬಾಟಲಿ ಒಯ್ದರೆ ಸಾಕು.

ಕಾಗದಪತ್ರ: ವೀಸಾ ಅಧಿಕೃತ ಏಜೆಂಟರ ಮೂಲಕ, ಅರ್ಜಿ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರದ್ದು ಬೇರೆ. ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಆದರೆ ಅಲ್ಲಿಂದ ಹೊರಬನ್ನಿ. ಪ್ರಯಾಣ ವಿಮೆಯಲ್ಲಿ ಸಾಹಸ ಕ್ರೀಡೆ ಸೇರಿದೆಯೇ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ. ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವುದಾದರೆ ಬೆಂಗಳೂರು ಊರೊಳಗೆ ನುಗ್ಗಬೇಡಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ.