ಸಹಾಯ ಬೇಕು: ಕಾದಂಬರಿಯ ಹುಡುಗಿ ಅಣ್ಣನನ್ನು ಸೇರಬಹುದೇ?

ಬಾಗಲಕೋಟೆಯಲ್ಲಿದ್ದುಕೊಂಡು ನಾನು ಬರೆಯುತ್ತಿರುವ ಕಾದಂಬರಿಯಲ್ಲಿ, ಸಿರಿಯಾದ ಅಲೆಪ್ಪೊ ನಗರದ ಬಾಂಬ್ ದಾಳಿಯಿಂದ ಪಾರಾದ ಹದಿನೇಳರ ಹುಡುಗಿಯೊಬ್ಬಳು, ಜರ್ಮನಿಯಲ್ಲಿ ಆಶ್ರಯ ಪಡೆದಿರುವ ಅಣ್ಣನ ಫೋನ್ ನಂಬರನ್ನು ಅಂಗಿಯ ಒಳಮಡಿಕೆಯಲ್ಲಿಟ್ಟು ಹೊಲಿದುಕೊಂಡು, ಟರ್ಕಿಯ ದಡದಿಂದ ರಬ್ಬರ್ ದೋಣಿಯಲ್ಲಿ ಗ್ರೀಸಿನ ಲೆಸ್ಬಾಸ್ ದ್ವೀಪಕ್ಕೆ ಒಬ್ಬಳೇ ಬಂದಿಳಿಯುತ್ತಾಳೆ. ಕಾಲ 2016ರ ಏಪ್ರಿಲ್. ಹೀಗೆ ಅಕ್ರಮವಾಗಿ ದಾಟಿ ಬಂದವರನ್ನು ಟರ್ಕಿಗೆ ಮರಳಿ ಕಳಿಸಲು ಯುರೋಪ್ ಒಕ್ಕೂಟವು ಆ ದೇಶದೊಡನೆ ಮಾಡಿಕೊಂಡ ಒಪ್ಪಂದ ಹಿಂದಿನ ತಿಂಗಳಷ್ಟೇ ಜಾರಿಗೆ ಬಂದಿತ್ತು.

ಒಂಟಿಯಾಗಿ ಬಂದ ಅಪ್ರಾಪ್ತರು ಒಡಹುಟ್ಟಿದವರನ್ನು ಸೇರಲು, ಆಶ್ರಯದ ಅರ್ಜಿಯನ್ನು ಯುರೋಪಿನ ಯಾವ ದೇಶ ವಿಚಾರಿಸಬೇಕೆಂದು ಹೇಳುವ ಡಬ್ಲಿನ್ ನಿಯಮಾವಳಿಯಲ್ಲಿ ಆಗ ಅವಕಾಶವಿತ್ತು. ಆದರೆ ಅರ್ಜಿ ಕೊಟ್ಟು ಕಾಯುತ್ತಿರುವಾಗಲೇ ಇವಳಿಗೆ ಹದಿನೆಂಟು ತುಂಬುತ್ತದೆ. ನಾನು ತೊಡಕಿಗೆ ಸಿಕ್ಕಿರುವುದು ಇಲ್ಲಿಯೇ. ಪರಿಚಯದ ವಕೀಲರನ್ನು ವಿಚಾರಿಸಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ ಇಂಥ ಪ್ರಕರಣವನ್ನು ಅವರು ನಡೆಸಿಲ್ಲ. ಆ ದಾರಿಯನ್ನು ನಿಜವಾಗಿ ಸವೆಸಿದವರ ಬದುಕಿನ ಬಗ್ಗೆ ಊಹಿಸಿ ಬರೆಯಲು ನನಗೆ ಮನಸ್ಸಿಲ್ಲ.

ಅವಳ ವಯಸ್ಸನ್ನು ಅರ್ಜಿ ಸಲ್ಲಿಸಿದ ದಿನಕ್ಕೆ ಲೆಕ್ಕ ಹಾಕುತ್ತಾರೆಯೇ, ತೀರ್ಮಾನವಾಗುವ ದಿನಕ್ಕೆ ಹಾಕುತ್ತಾರೆಯೇ? ಬಲ್ಲವರು ದಯವಿಟ್ಟು ತಿಳಿಸಿ.