ಹಳೇ ಸನ್ ಕಂಪ್ಯೂಟರ್‌ಗಳ ಪಟ್ಟಿ: ಹೆಸರು ನೋಡಿ ಗುಂಪು ಮಾಡಬೇಕಾ, ಒಳಗಿರುವುದನ್ನು ನೋಡಿಯಾ?

ಹಳೇಪೆಟ್ಟಿಗೆ:
ನನ್ನ ಹತ್ತಿರ ಸನ್ ಕಂಪನಿಯ ಐದು ಮಷೀನ್‌ಗಳಿವೆ: 3/60, 3/80, ಸ್ಪಾರ್ಕ್‌ಸ್ಟೇಷನ್ 2, ಸ್ಪಾರ್ಕ್‌ಸ್ಟೇಷನ್ 20, ಅಲ್ಟ್ರಾ 1. ಪಟ್ಟಿ ಬರೆಯಲು ಕೂತೆ. ಮೊದಲೆರಡನ್ನು ಸನ್-3 ಅಂತಲೂ ಮುಂದಿನೆರಡನ್ನು ಸ್ಪಾರ್ಕ್‌ಸ್ಟೇಷನ್ ಅಂತಲೂ ಹಾಕಿದೆ. ಆದರೆ 3/60ರಲ್ಲಿ ಚೆನ್ನಾಗಿ ಬೂಟ್ ಆಗುವ ಸನ್‌ಓಎಸ್ (ಸನ್‌ನದೇ ಆಪರೇಟಿಂಗ್ ಸಿಸ್ಟಮ್) ಡಿಸ್ಕ್ 3/80ರಲ್ಲಿ ಏಳುವುದೇ ಇಲ್ಲ. ಎರಡೂ ಸನ್-3 ಅಲ್ವಾ?

ಬೂಟ್‌ಪ್ರಾಂಪ್ಟ್:
ಡಿಸ್ಕ್ ಕೆಟ್ಟಿಲ್ಲ, ಚಿಂತೆ ಬಿಡಿ. ಸನ್‌ನವರೇ ಪ್ರತಿ ಮಷೀನಿಗೆ ಎರಡು ಗುಂಪಿನ ಹೆಸರು ಇಟ್ಟಿದ್ದರು, ಒಂದು ಪ್ರೋಗ್ರಾಂಗಳಿಗೆ, ಇನ್ನೊಂದು ಓಎಸ್‌ನ ತಿರುಳಾದ ಕರ್ನಲ್‌ಗೆ. ಸನ್‌ಓಎಸ್ 4ರಲ್ಲಿ ‘ಆರ್ಚ್’ ಅಂತ ಕಮಾಂಡ್ ಕೊಟ್ಟರೆ ಎರಡರಲ್ಲೂ ಸನ್3 ಅಂತಲೇ ಬರುತ್ತದೆ. ‘ಆರ್ಚ್ -ಕೆ’ ಕೊಟ್ಟು ನೋಡಿ, 3/80ರಲ್ಲಿ ಸನ್3ಎಕ್ಸ್ ಅಂತ ಬರುತ್ತದೆ. 3/60ರಲ್ಲಿರುವುದು 68020 ಪ್ರೊಸೆಸರ್. ಅದರೊಳಗೆ ಎಂಎಂಯು (ಮೆಮೊರಿ ವಿಳಾಸಗಳನ್ನು ನೋಡಿಕೊಳ್ಳುವ ಭಾಗ) ಇಲ್ಲ, ಹಾಗಾಗಿ ಸನ್ ತನ್ನದೇ ಎಂಎಂಯು ಮಾಡಿ ಬೋರ್ಡ್ ಮೇಲೆ ಕೂರಿಸಿತ್ತು. 3/80ರ 68030ರಲ್ಲಿ ಅದು ಚಿಪ್ ಒಳಗೇ ಇದೆ. ಸಾಮಾನ್ಯ ಪ್ರೋಗ್ರಾಂಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಆದರೆ ಮೆಮೊರಿ ಹಂಚುವ ಕೆಲಸ ಕರ್ನಲ್‌ನದು, ಅದು ಬೇರೆಯೇ ಬೇಕು.

ಗುಬ್ಬಿಗೂಡು:
ಸನ್‌ನ ಸ್ಪಾರ್ಕ್ ಪ್ರೊಸೆಸರ್ ಇರುವ ಉಳಿದ ಮೂರರಲ್ಲೂ ಇದೇ ಕಥೆ. ಪ್ರೋಗ್ರಾಂಗಳಿಗಿಟ್ಟ ಹೆಸರು ಮೂರಕ್ಕೂ ಸನ್4. ಕರ್ನಲ್‌ನ ಹೆಸರು ನೋಡಿದರೆ ಸ್ಪಾರ್ಕ್‌ಸ್ಟೇಷನ್ 2 ಸನ್4ಸಿ, 20 ಸನ್4ಎಂ, ಅಲ್ಟ್ರಾ 1 ಸನ್4ಯು. 2ರಲ್ಲಿ ಮತ್ತೆ ಸನ್‌ನ ಸ್ವಂತ ಎಂಎಂಯು. 20ರಲ್ಲಿ ಸ್ಪಾರ್ಕ್‌ನ ಪ್ರಮಾಣಿತ ‘ರೆಫರೆನ್ಸ್ ಎಂಎಂಯು’, ಜೊತೆಗೆ ಪ್ರೊಸೆಸರ್‌ಗಳನ್ನು ಜೋಡಿಸುವ ಎಂಬಸ್, ಅದರಿಂದಲೇ ಒಂದಕ್ಕಿಂತ ಜಾಸ್ತಿ ಪ್ರೊಸೆಸರ್ ಹಾಕಬಹುದು. 1995ರ ಅಲ್ಟ್ರಾ 1 ಅಂತೂ 64 ಬಿಟ್. ಈ ಹೆಸರುಗಳು ಪಟ್ಟಿಯಲ್ಲಿ ಇರಲೇಬೇಕು ಅಂತ ನಾನು ಹೇಳುವುದು ಯಾಕೆಂದರೆ ಯಾವ ಓಎಸ್ ಓಡುತ್ತದೆ ಅನ್ನುವುದು ಅದರ ಮೇಲೆಯೇ ನಿಂತಿದೆ: ಸನ್‌ಓಎಸ್ ನಂತರ ಬಂದ ಸನ್‌ನ ಓಎಸ್ ಸೊಲಾರಿಸ್‌ನಲ್ಲಿ ಸೊಲಾರಿಸ್ 8 ಸನ್4ಸಿಯನ್ನು ಕೈಬಿಟ್ಟಿತು, ಸೊಲಾರಿಸ್ 10 ಸನ್4ಎಂ ಅನ್ನೂ ಬಿಟ್ಟಿತು. ‘ಸ್ಪಾರ್ಕ್‌ಸ್ಟೇಷನ್’ ಅಂತ ಮಾತ್ರ ಬರೆದರೆ ಇದು ಯಾವುದೂ ತಿಳಿಯುವುದಿಲ್ಲ.

ಬೂಟ್‌ಪ್ರಾಂಪ್ಟ್:
ನಿಜ. ಮುಂದೆ ಸನ್386ಐ ಸಿಕ್ಕರೆ ಅದನ್ನು ಬೇರೆ ಇಡಿ. ಅದರೊಳಗೆ ಇರುವುದು ಇಂಟೆಲ್ 80386. ಇನ್ನೊಂದು, ನೆಟ್‌ಬಿಎಸ್‌ಡಿ ಅನ್ನುವ ಉಚಿತ ಓಎಸ್ ಹಾಕುವುದಾದರೆ ಅವರ ವಿಂಗಡಣೆ ಬೇರೆ. ಸನ್3, ಸನ್3ಎಕ್ಸ್ ಎರಡೂ ‘ಸನ್3’ ಪೋರ್ಟ್‌ನಲ್ಲೇ (ಒಂದು ಬಗೆಯ ಮಷೀನಿಗೆ ಹೊಂದಿಸಿದ ಆವೃತ್ತಿ) ಇವೆ. ಸನ್4ಸಿ, ಸನ್4ಎಂ ‘ಸ್ಪಾರ್ಕ್’ನಲ್ಲಿ, ಅಲ್ಟ್ರಾ ‘ಸ್ಪಾರ್ಕ್64’ನಲ್ಲಿ.

ಹಳೇಪೆಟ್ಟಿಗೆ:
ಈಗಷ್ಟೇ 3/60ರಲ್ಲಿ ‘ಆರ್ಚ್ -ಕೆ’ ಕೊಟ್ಟೆ, ಸನ್3 ಅಂತ ಬಂತು. ಪಟ್ಟಿಯಲ್ಲಿ ಮಾಡೆಲ್ ಹೆಸರಿನ ಪಕ್ಕ ಎರಡು ಕಾಲಂ ಸೇರಿಸಿದ್ದೇನೆ. ಇವತ್ತು ರಾತ್ರಿ 3/80ಗೆ ಸನ್3ಎಕ್ಸ್ ಕರ್ನಲ್ ಹಾಕಿ ನೋಡುತ್ತೇನೆ.